ಹೊಸದಾಗಿ ಕಟ್ಟಿಸಿದ ಹರಿಕೇನ್ ಎಂಜಿನ್: ಟ್ಯಾಪೆಟ್ ಯಾವ ಬಗೆಯದು, ಗ್ಯಾಪ್ ಎಷ್ಟಿರಬೇಕು?

ದುರ್ಗದ ಜೀಪು (ಚಿತ್ರದುರ್ಗ):

ತಂದೆಯವರ ಕಾಲದಿಂದ ನಮ್ಮ ಮನೆಯಲ್ಲಿರುವ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪಿನ ಎಂಜಿನ್ನನ್ನು ಇತ್ತೀಚೆಗೆ ದಾವಣಗೆರೆಯಲ್ಲಿ ಪೂರ್ತಿ ಬಿಚ್ಚಿಸಿ, ಬೋರ್ ಹೊಡೆಸಿ, ಹೊಸ ಪಿಸ್ಟನ್ ಹಾಕಿಸಿ, ವಾಲ್ವ್ ಸೀಟುಗಳನ್ನು ಕಟ್ ಮಾಡಿಸಿ ಕಟ್ಟಿಸಿದ್ದೇನೆ. ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಗಾಡಿ, ಚೆನ್ನಾಗಿ ಬಿಸಿಯಾದ ಮೇಲೆ ಜೋಗಿಮಟ್ಟಿಯ ಏರು ಹತ್ತುವಾಗ ಸೋಲುತ್ತದೆ. ಸ್ಲೋದಲ್ಲಿ ನಿಲ್ಲಿಸಿದರೆ ಮೇಲಿನಿಂದ ಟಕ ಟಕ ಸದ್ದು ಬರುತ್ತದೆ, ಸೈಲೆನ್ಸರಿನಲ್ಲಿ ತಾಳ ತಪ್ಪಿದಂತೆ ಆಗಾಗ ಒಂದು ಫುಸ್ ಕೇಳಿಸುತ್ತದೆ.

ಇದರಲ್ಲಿರುವುದು ಹೈಡ್ರಾಲಿಕ್ ಲಿಫ್ಟರ್ (ವಾಲ್ವ್ ಎತ್ತುವ ಟ್ಯಾಪೆಟ್‌ನಲ್ಲೇ ಎಣ್ಣೆಯ ಒತ್ತಡದಿಂದ ಗ್ಯಾಪನ್ನು ತಾನೇ ತುಂಬಿಕೊಳ್ಳುವ ಬಗೆ), ಎಣ್ಣೆ ತುಂಬಿಕೊಂಡರೆ ಸದ್ದು ತಾನಾಗಿಯೇ ನಿಲ್ಲುತ್ತದೆ, ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಗ್ಯಾಪ್ ಹೊಂದಿಸುವುದು, ಬೇಕಿಲ್ಲ ಎಂದು ಕಟ್ಟಿದ ಮೇಸ್ತ್ರಿ ಹೇಳುತ್ತಾರೆ. ಆದರೆ ರಾಕರ್ ಕವರ್ ತೆಗೆದು ನೋಡಿದರೆ ಒಳಗಿರುವುದು ನಾಲ್ಕೇ ರಾಕರ್ (ವಾಲ್ವನ್ನು ಒತ್ತಿ ತೆರೆಯುವ ಸಣ್ಣ ತೋಳು), ಪ್ರತಿಯೊಂದರ ತುದಿಯಲ್ಲೂ ಸ್ಕ್ರೂ ಮತ್ತು ಲಾಕ್ ನಟ್ ಇದೆ. ಸೆಟ್ಟಿಂಗ್ ಬೇಡವಾದರೆ ಈ ಸ್ಕ್ರೂ ಯಾತಕ್ಕೆ? ಉಳಿದ ನಾಲ್ಕು ವಾಲ್ವ್ ಎಲ್ಲಿವೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೇ ಗಾಲಿ (ದಾವಣಗೆರೆ):

ಸರ್, ನಿಮ್ಮದು ವಿಲ್ಲೀಸ್ ಕಂಪನಿಯ ಎಫ್-134 ಹರಿಕೇನ್ ಎಂಜಿನ್. 134 ಕ್ಯೂಬಿಕ್ ಇಂಚು, ಅಂದರೆ ಸುಮಾರು 2.2 ಲೀಟರ್. ಇದರ ಇನ್‌ಲೆಟ್ ವಾಲ್ವ್‌ಗಳು ನಾಲ್ಕೂ ಮೇಲಿನ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್‌ಗಳು ನಾಲ್ಕೂ ಸಿಲಿಂಡರುಗಳಿರುವ ಕೆಳಗಿನ ಬ್ಲಾಕ್‌ನಲ್ಲಿ ಇರುತ್ತವೆ. ಇದಕ್ಕೂ ಮೊದಲಿನ ಎಲ್-134ರಲ್ಲಿ ಎಂಟೂ ವಾಲ್ವ್ ಬ್ಲಾಕ್‌ನಲ್ಲೇ ಇದ್ದವು; ಇನ್‌ಲೆಟ್ ಮೇಲೆ ಹೋಗಿ ಎಂಜಿನ್ ಎತ್ತರವಾದದ್ದರಿಂದಲೇ 3ಬಿ ಜೀಪಿನ ಬಾನೆಟ್ ಅಷ್ಟು ಎತ್ತರಕ್ಕೆ ನಿಂತಿರುವುದು. ನೀವು ಹುಡುಕುತ್ತಿರುವ ನಾಲ್ಕು ವಾಲ್ವ್‌ಗಳು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕೆಳಗೆ, ಬ್ಲಾಕ್‌ನ ಪಕ್ಕದಲ್ಲಿರುವ ಕವರಿನ ಹಿಂದೆ ಇವೆ. ಕೈ ಹೋಗುವುದು ಕಷ್ಟವಾದ್ದರಿಂದ ಅನೇಕರು ಮೇಲಿನ ನಾಲ್ಕನ್ನು ಮಾತ್ರ ಸೆಟ್ ಮಾಡಿ ಗಾಡಿ ಕಳಿಸಿಬಿಡುತ್ತಾರೆ.

ಟ್ಯಾಪೆಟ್‌ಗಳಲ್ಲೂ ಎರಡು ಬಗೆ ಕಾಣುತ್ತೀರಿ. ಇನ್‌ಲೆಟ್ ಟ್ಯಾಪೆಟ್‌ನ ತಲೆಯಲ್ಲಿ ರಾಕರನ್ನು ತಳ್ಳುವ ಪುಶ್ ರಾಡ್ ಕೂರುವ ಕುಳಿ ಇರುತ್ತದೆ, ಅದರ ಗ್ಯಾಪನ್ನು ರಾಕರ್‌ನಲ್ಲಿ ಹಿಡಿಯಬೇಕು. ಎಕ್ಸಾಸ್ಟ್ ಟ್ಯಾಪೆಟ್‌ನ ತಲೆಗೇ ಸ್ಕ್ರೂ ಇರುತ್ತದೆ, ಅದು ನೇರವಾಗಿ ವಾಲ್ವ್ ಕಾಂಡವನ್ನು ಎತ್ತುತ್ತದೆ. ಎರಡೂ ಸಾಲಿಡ್ (ಗಟ್ಟಿ ತುಂಡು), ಹೈಡ್ರಾಲಿಕ್ ಅಲ್ಲವೇ ಅಲ್ಲ. ತಣ್ಣಗಿರುವಾಗ ಇನ್‌ಲೆಟ್‌ಗೆ 18 ಥೌ, ಅಂದರೆ ಇಂಚಿನ ಸಾವಿರದಲ್ಲಿ 18 ಭಾಗ (0.46 ಮಿ.ಮೀ.), ಎಕ್ಸಾಸ್ಟ್‌ಗೆ 16 ಥೌ (0.41 ಮಿ.ಮೀ.) ಇರಬೇಕು.

ನನ್ನ ಅನುಮಾನವಿರುವುದು ಮೇಲಿನ ಟಕ ಟಕ ಸದ್ದಿನ ಮೇಲಲ್ಲ, ಫುಸ್ ಎನ್ನುವುದರ ಮೇಲೆ. ಸೀಟು ಕಟ್ ಮಾಡಿದಾಗ ವಾಲ್ವ್ ಒಳಕ್ಕೆ ಕೂರುತ್ತದೆ, ಕಾಂಡದ ತುದಿ ಅಷ್ಟರಮಟ್ಟಿಗೆ ಟ್ಯಾಪೆಟ್‌ಗೆ ಹತ್ತಿರವಾಗುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ಆಮೇಲೆ ಸೆಟ್ ಮಾಡದೆ ಓಡಿಸಿದರೆ, ಬಿಸಿಗೆ ಕಾಂಡ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ. ಹೀಗೆಯೇ ಏರು ಹತ್ತಿಸುತ್ತಿದ್ದರೆ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ.

ಲೇತ್ ಮೇಷ್ಟ್ರು:

ಲಿಫ್ಟರ್ ಯಾವುದೆಂದು ಬಾಯಿಮಾತಿನ ಮೇಲೆ ನಂಬುವ ಅಗತ್ಯವಿಲ್ಲ, ಕಣ್ಣಿನಿಂದಲೇ ತಿಳಿಯಬಹುದು. ಹೈಡ್ರಾಲಿಕ್ ಆದರೆ ಮೇಲ್ಭಾಗದ ಒಳಗೆ ಸಣ್ಣ ತಂತಿಯ ಕ್ಲಿಪ್, ಅದರ ಕೆಳಗೆ ಸ್ಪ್ರಿಂಗಿನ ಮೇಲೆ ಕುಳಿತ ಪ್ಲಂಜರ್, ಮೈಯಲ್ಲಿ ಎಣ್ಣೆ ಹೋಗುವ ತೂತು ಇರುತ್ತವೆ. ಎಣ್ಣೆ ಖಾಲಿಯಾಗಿರುವಾಗ ಒತ್ತಿದರೆ ಪ್ಲಂಜರ್ ಕೆಳಗಿಳಿದು ಮತ್ತೆ ಮೇಲೇಳುತ್ತದೆ. ಸಾಲಿಡ್ ಆದರೆ ಎಷ್ಟು ಒತ್ತಿದರೂ ಅಲುಗುವುದಿಲ್ಲ. ಅಲ್ಲದೆ ಹೈಡ್ರಾಲಿಕ್ ಲಿಫ್ಟರ್‌ಗೆ ಒತ್ತಡದ ಎಣ್ಣೆ ಬರುವ ದಾರಿ ಬ್ಲಾಕ್‌ನಲ್ಲೇ ಕೊರೆದಿರಬೇಕು, ಟ್ಯಾಪೆಟನ್ನು ಎತ್ತುವ ಕ್ಯಾಮಿನ ಆಕಾರವೂ ಅದಕ್ಕೆ ಹೊಂದುವಂತಿರಬೇಕು. ಆದ್ದರಿಂದ ಎಂಜಿನ್ ಕಟ್ಟುವಾಗ ಯಾರೋ ಬದಲಿಸಿ ಹಾಕಿರಬಹುದು ಎಂಬ ಮಾತೂ ನಿಲ್ಲುವುದಿಲ್ಲ.

ಬಿಸಿ ಎಂಜಿನ್ನಿನಲ್ಲೇ ಗ್ಯಾಪ್ ಇಡಬೇಕೆಂದು ಹೇಳುವವರು ಸಿಗುತ್ತಾರೆ. ಕೆಲವು ಎಂಜಿನ್ನುಗಳಿಗೆ ಅದು ಸರಿ. ಇಲ್ಲಿ ಅಳತೆ ಕೊಟ್ಟಿರುವುದೇ ತಣ್ಣಗಿರುವಾಗಿನದು, ಮೇಲಾಗಿ ಕಾದ ಮ್ಯಾನಿಫೋಲ್ಡ್ ಕೆಳಗೆ ಎರಡು ತೆಳು ಸ್ಪ್ಯಾನರ್ ಹಿಡಿದು, ಒಂದರಿಂದ ಟ್ಯಾಪೆಟ್ ತಡೆದು ಇನ್ನೊಂದರಿಂದ ಸ್ಕ್ರೂ ತಿರುಗಿಸುವುದು ಆಗುವ ಕೆಲಸವಲ್ಲ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಮುಟ್ಟಿರಿ. ಪ್ಲಗ್ ಬಿಚ್ಚಿ, ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿರಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಕ್ರಮ) 1-3-4-2. 4ನೇ ಸಿಲಿಂಡರಿನ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಲೆಟ್ ತೆರೆಯಲು ಹೊರಟ ಕ್ಷಣದಲ್ಲಿ ನಿಲ್ಲಿಸಿದರೆ 1ನೆಯದರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ, ಅವನ್ನು ಸೆಟ್ ಮಾಡಿರಿ. ಮುಂದೆ ಅರ್ಧರ್ಧ ಸುತ್ತಿಗೆ 2 ಹೀಗೆಯೇ ಅಲುಗುವಾಗ (ಎಕ್ಸಾಸ್ಟ್ ಮುಚ್ಚಿ ಇನ್‌ಲೆಟ್ ತೆರೆಯುವಾಗ) 3ನ್ನು, 1 ಅಲುಗುವಾಗ 4ನ್ನು, 3 ಅಲುಗುವಾಗ 2ನ್ನು ಹಿಡಿಯಿರಿ.

ರಾಕರ್ ತುದಿ ಸವೆದು ಕುಳಿ ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡುವುದನ್ನು ಮರೆಯಬೇಡಿ. ಕುಳಿ ಇದ್ದರೆ ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ಎಲೆ ಅದರ ಎರಡು ಅಂಚುಗಳ ಮೇಲೆ ಸೇತುವೆಯಂತೆ ಮಲಗುತ್ತದೆ. 18 ಎಂದು ನೀವು ಅಂದುಕೊಂಡಾಗ ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚಿರುತ್ತದೆ. ಸೆಟ್ ಮಾಡಿದ ಮೇಲೂ ಸದ್ದು ಹೋಗಲಿಲ್ಲ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಸದ್ದು ಅಡಗಿಸಲು ಗ್ಯಾಪ್ ಬಿಗಿ ಮಾಡುವವರ ಕೈಗೆ ಮಾತ್ರ ಸ್ಪ್ಯಾನರ್ ಕೊಡಬೇಡಿ.

ದುರ್ಗದ ಜೀಪು:

ಇಬ್ಬರಿಗೂ ಧನ್ಯವಾದಗಳು. ಪಕ್ಕದ ಕವರ್ ಬಿಚ್ಚಿಸಿದೆವು. 3ನೇ ಸಿಲಿಂಡರಿನ ಎಕ್ಸಾಸ್ಟ್‌ನಲ್ಲಿ 4 ಥೌ ಎಲೆಯೂ ತೂರಲಿಲ್ಲ, ಉಳಿದ ಮೂರರಲ್ಲೂ ಗ್ಯಾಪ್ ಕಡಿಮೆಯೇ ಇತ್ತು. 1ನೆಯದರ ರಾಕರ್ ತುದಿಯಲ್ಲಿ ಉಗುರಿಗೆ ಸಿಗುವಷ್ಟು ಕುಳಿ ಬಿದ್ದಿತ್ತು, ಅದನ್ನು ಗ್ರೈಂಡ್ ಮಾಡಿಸಿ ಹಾಕಿದ್ದೇವೆ. ಎಲ್ಲವನ್ನೂ ಹೇಳಿದ ಅಳತೆಗೆ ತಂದ ಮೇಲೆ ಫುಸ್ ನಿಂತಿದೆ, ಗಾಡಿ ಬಿಸಿಯಲ್ಲೂ ಎಳೆಯುತ್ತಿದೆ. ಸಣ್ಣ ಟಿಕ್ ಟಿಕ್ ಉಳಿದಿದೆ. ಇನ್ನು ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಟೈಟ್ ಮಾಡಿಸಬೇಕಾಗಿದೆ. ಆಮೇಲೆ ಎಂಟನ್ನೂ ಪುನಃ ನೋಡಬೇಕೇ?

ಹಳೇ ಗಾಲಿ (ದಾವಣಗೆರೆ):

ಆ ಟಿಕ್ ಟಿಕ್ ಇರಲಿ, ಸಾಲಿಡ್ ಟ್ಯಾಪೆಟ್‌ನ ಸಹಜ ಸದ್ದು ಅದು. ಹೆಡ್ ಬಿಗಿ ಮಾಡಿದಾಗ ಗ್ಯಾಸ್ಕೆಟ್ ಅಮುಕಿ ಹೆಡ್ಡಿನ ಜೊತೆಗೆ ರಾಕರ್ ಶಾಫ್ಟೂ ಕೆಳಗಿಳಿಯುವುದರಿಂದ ಇನ್‌ಲೆಟ್ ಗ್ಯಾಪ್ ಕಡಿಮೆಯಾಗುತ್ತದೆ. ಮೇಲಿನ ನಾಲ್ಕನ್ನು ಮತ್ತೆ 18ಕ್ಕೆ ತರಲೇಬೇಕು. ಎಕ್ಸಾಸ್ಟ್‌ಗಳು ಬ್ಲಾಕ್‌ನಲ್ಲಿರುವುದರಿಂದ ಹೆಡ್ ಬಿಗಿ ಮಾಡಿದ್ದರಿಂದ ಅವಕ್ಕೇನೂ ಆಗುವುದಿಲ್ಲ, ಆದರೆ ಹೊಸ ಸೀಟು ಕೂರುವ ತನಕ ಅವುಗಳ ಗ್ಯಾಪ್ ತಾನಾಗಿಯೇ ಇಳಿಯುತ್ತಿರುತ್ತದೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಪಕ್ಕದ ಕವರನ್ನು ಇನ್ನೊಮ್ಮೆ ತೆಗೆಸಿರಿ. ಬೋಲ್ಟ್ ಬಿಗಿ ಮಾಡುವವರಿಗೆ ಒಂದು ವಿಷಯ ಹೇಳಿಡಿ: ಈ ಎಂಜಿನ್ನಿನಲ್ಲಿ ಒಂದು ಹೆಡ್ ಬೋಲ್ಟ್ ಕಾರ್ಬುರೇಟರಿನ ಕೆಳಗೆ ಅಡಗಿದೆ, ಕಾರ್ಬುರೇಟರ್ ಬಿಚ್ಚದೆ ಅದು ಕಣ್ಣಿಗೆ ಬೀಳುವುದಿಲ್ಲ.