ಕಿಟ್ಟಿ ಯಾರ ಪಾಲಿಗೆ?

ಫೆಬ್ರವರಿ 22, ಭಾನುವಾರ. ನಮ್ಮ ‘ಅಜ್ಜಿ ಮನೆ’ ಗುಂಪಿನಲ್ಲಿ ಬೆಳಿಗ್ಗೆ ಆರೂವರೆಗೇ ಹೊತ್ತಿಕೊಂಡ ಜಗಳ ಇದು. ನಡುವೆ ಬಂದ ಎರಡು ಗುಡ್ ಮಾರ್ನಿಂಗ್ ಗುಲಾಬಿ ಮತ್ತು ಒಂದು ಉಪ್ಪಿಟ್ಟಿನ ಫೋಟೊ ತೆಗೆದು, ಉಳಿದದ್ದನ್ನು ಹಾಗೆಯೇ ಇಟ್ಟಿದ್ದೇನೆ. ಸೀನ ಮಾವ ನಿವೃತ್ತ ಮೇಷ್ಟ್ರು. ರಾಜು ಮಾವ ಶಿವಮೊಗ್ಗದಲ್ಲಿ ಸಿವಿಲ್ ವಕೀಲರು. ಭಾಗ್ಯ ಚಿಕ್ಕಮ್ಮ ಇವರಿಬ್ಬರ ತಂಗಿ. ಸಹನಾ ನನ್ನ ದೊಡ್ಡಮ್ಮನ ಮಗಳು, ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಇರುತ್ತಾಳೆ. ಅವಳಿಗೆ ಇನ್ನೂ ಶನಿವಾರ ರಾತ್ರಿ.

ಸೀನ ಮಾವ: (ಫಾರ್ವರ್ಡ್) ಇಂದು ಜಾರ್ಜ್ ವಾಷಿಂಗ್ಟನ್ ಜನ್ಮದಿನ. ಅಮೆರಿಕದ ಮೊದಲ ಅಧ್ಯಕ್ಷರು. ಸಾಯುವ ಮುನ್ನ ವಿಲ್ ಬರೆದು ತಮ್ಮ ಎಸ್ಟೇಟಿನ 317 ಗುಲಾಮರನ್ನೂ ಬಿಡುಗಡೆ ಮಾಡಿದ ಮಹಾತ್ಮರು. ಆಸ್ತಿಗಾಗಿ ಕೋರ್ಟು ಅಲೆಯುವ ನಮ್ಮ ಜನ ಇವರನ್ನು ನೋಡಿ ಕಲಿಯಬೇಕು. ಹತ್ತು ಜನರಿಗೆ ಕಳಿಸಿ.

ಭಾಗ್ಯ ಚಿಕ್ಕಮ್ಮ: ದೊಡ್ಡ ಮನಸ್ಸು.

ಸಹನಾ: ಮಾವ, ಲೆಕ್ಕ ತಪ್ಪಿದೆ. 317 ಅನ್ನುವುದು 1799ರಲ್ಲಿ ಮೌಂಟ್ ವರ್ನನ್ ಎಸ್ಟೇಟಿನಲ್ಲಿದ್ದ ಗುಲಾಮರ ಒಟ್ಟು ಸಂಖ್ಯೆ. ವಿಲ್‌ನಲ್ಲಿ ಬಿಡುಗಡೆ ಬರೆದದ್ದು 123 ಜನರಿಗೆ ಮಾತ್ರ. 153 ಜನ ಹೆಂಡತಿ ಮಾರ್ಥಾ ಕಡೆಯ ಪಾಲಿನವರು. ಮಿಕ್ಕ ನಲವತ್ತು ಚಿಲ್ಲರೆ ಜನರನ್ನು ಪಕ್ಕದ ಎಸ್ಟೇಟಿನಿಂದ ಬಾಡಿಗೆಗೆ ತಂದಿದ್ದರು.

ಸೀನ ಮಾವ: 123 ಜನ ಕಮ್ಮಿ ಆಯಿತಾ? ಆ ಕಾಲದಲ್ಲಿ ಎಷ್ಟು ಜನ ಹಾಗೆ ಮಾಡಿದರು ಹೇಳು.

ನಾನು: ಹೆಂಡತಿ ಕಡೆಯವರನ್ನು ಯಾಕೆ ಬಿಡಲಿಲ್ಲ ಅವನು?

ಸೀನ ಮಾವ: ಕಾರ್ತಿಕ್, ‘ಅವನು’ ಅಂತ ಬರೆಯಬೇಡ. ಒಂದು ದೇಶದ ಅಧ್ಯಕ್ಷರು.

ರಾಜು ಮಾವ: ಬಿಡುವ ಹಕ್ಕೇ ಇರಲಿಲ್ಲ. ಕೇಳಿ. ಮಾರ್ಥಾ ಅವರ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್. ಭಾರಿ ಜಮೀನ್ದಾರ. 17,500 ಎಕರೆ, 300ರ ಹತ್ತಿರ ಗುಲಾಮರು. 1757ರಲ್ಲಿ ವಿಲ್ ಇಲ್ಲದೆ ತೀರಿಕೊಂಡ. ವಿಲ್ ಇಲ್ಲದಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು, ಅದೂ ಬದುಕಿರುವವರೆಗೆ ಅನುಭವಿಸುವುದಕ್ಕೆ ಮಾತ್ರ. ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ. ಅವಳ ನಂತರ ಮೊದಲ ಗಂಡನ ವಾರಸುದಾರರಿಗೇ ವಾಪಸ್. 1759ರಲ್ಲಿ ವಾಷಿಂಗ್ಟನ್ ಅವಳನ್ನು ಮದುವೆಯಾದರು. ಆ ಪಾಲಿನ ದುಡಿಮೆ ಇವರಿಗೆ ಬಂತು. ಒಡೆತನ ಬರಲಿಲ್ಲ. ಬಾಡಿಗೆದಾರ ಮನೆ ಮಾರಿದ ಹಾಗಾಗುತ್ತದೆ, ಬಿಟ್ಟರೆ.

ಭಾಗ್ಯ ಚಿಕ್ಕಮ್ಮ: ನಮ್ಮಲ್ಲೂ ಮೊದಲು ಹೀಗೇ ಇತ್ತಲ್ಲ ರಾಜಣ್ಣ?

ರಾಜು ಮಾವ: ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೆ ವಿಧವೆಗೆ ಸೀಮಿತ ಹಕ್ಕು. ಅನುಭವಿಸು, ಮಾರಬೇಡ. ಆದರೆ ನಮ್ಮದು ತೋಟ, ಗದ್ದೆ. ಅವರದ್ದು ಜನ. ಅದು ಬೇರೆ.

ನಾನು: ಎಷ್ಟು ಬೇಗ ‘ಅದು ಬೇರೆ’ ಅಂದುಬಿಟ್ಟಿರಿ ಮಾವ.

ಭಾಗ್ಯ ಚಿಕ್ಕಮ್ಮ: ಅವಳ ಪಾಲಿಗೆ ಮೊದಲಿನಿಂದಲೂ 153 ಜನರೇ ಇದ್ದರಾ?

ಸಹನಾ: ಇಲ್ಲ ಚಿಕ್ಕಮ್ಮ. ಪಾಲಾದಾಗ 84.

ಭಾಗ್ಯ ಚಿಕ್ಕಮ್ಮ: ಮತ್ತೆ? ಕೊಂಡರಾ?

ಸಹನಾ: ಹುಟ್ಟಿದರು. 1662ರಲ್ಲೇ ವರ್ಜೀನಿಯಾದಲ್ಲಿ ಕಾನೂನು ಬಂದಿತ್ತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ಯಾರು ಅಂತ ಕೇಳುವುದೇ ಇಲ್ಲ. ಅದಕ್ಕೇ ತಾಯಿ ಯಾರ ಪಾಲಿನವಳೋ ಮಗುವೂ ಅದೇ ಪಾಲಿಗೆ.

ಭಾಗ್ಯ ಚಿಕ್ಕಮ್ಮ: ಹಸು ಯಾರದ್ದೋ ಕರು ಅವರದ್ದು.

(ಇದರ ಮೇಲೆ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಸೀನ ಮಾವನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬರುತ್ತಿತ್ತು, ಹೋಗುತ್ತಿತ್ತು.)

ಸೀನ ಮಾವ: ವಿಲ್ ಪೂರ್ತಿ ಓದಿ ಮಾತಾಡೋಣ. ಮುದುಕರಿಗೆ, ಕೈಲಾಗದವರಿಗೆ ಬದುಕಿರುವವರೆಗೂ ಊಟ ಬಟ್ಟೆ ಕೊಡಬೇಕು ಅಂತ ಬರೆದಿದ್ದಾರೆ. ದಿಕ್ಕಿಲ್ಲದ ಮಕ್ಕಳಿಗೆ ಓದು ಬರಹ, ಕಸುಬು ಕಲಿಸಬೇಕು ಅಂತ ಬರೆದಿದ್ದಾರೆ. ಯಾರನ್ನೂ ವರ್ಜೀನಿಯಾದ ಹೊರಗೆ ಮಾರಕೂಡದು ಅಂತ ಬರೆದಿದ್ದಾರೆ. ಸುಮ್ನೆ ಬರೆದದ್ದಲ್ಲ, 1833ರವರೆಗೂ ಆ ಹಣ ಕೊಟ್ಟಿದ್ದಾರೆ. ವಿಲಿಯಂ ಲೀ ಅಂತ ಯುದ್ಧದಲ್ಲಿ ಜೊತೆಗಿದ್ದ ಆಳು. ಅವನಿಗೆ ತಕ್ಷಣ ಬಿಡುಗಡೆ, ವರ್ಷಕ್ಕೆ 30 ಡಾಲರ್.

ರಾಜು ಮಾವ: ವಕೀಲರನ್ನು ಕೇಳದೆ ಬರೆದ ವಿಲ್ ಅದು. ಹಾಗಂತ ಅದರಲ್ಲೇ ಬರೆದುಕೊಂಡಿದ್ದಾರೆ. ಆದರೂ ಗಟ್ಟಿಯಾಗಿದೆ. ಸ್ವಂತ ಮಕ್ಕಳಿಲ್ಲ. ಹೆಸರು ಹೇಳಿ ಕೊಟ್ಟದ್ದು ಬಿಟ್ಟು ಮಿಕ್ಕ ಆಸ್ತಿಗೆ 23 ಪಾಲು. ಒಂದು ಕೇಸ್ ನಮ್ಮ ಕೋರ್ಟಿಗೆ ಹಾಗೆ ಬಂದರೆ ನನ್ನ ಮಗನ ಕಾಲಕ್ಕೂ ಮುಗಿಯುವುದಿಲ್ಲ.

ಸಹನಾ: ಮಾವ, ವಿಲ್‌ನಲ್ಲಿ ಇನ್ನೊಂದು ಸಾಲು ಇದೆ. ಬಿಡುಗಡೆ ‘ನನ್ನ ಹೆಂಡತಿ ತೀರಿಕೊಂಡ ಮೇಲೆ’. ಈಗಲೇ ಬಿಟ್ಟರೆ ಎರಡು ಕಡೆಯವರು ಮದುವೆಯಾಗಿ ಬೆರೆತುಹೋಗಿದ್ದಾರೆ, ಅಗಲುವಾಗ ನೋವಾಗುತ್ತದೆ ಅಂತ ಕಾರಣ ಕೊಟ್ಟಿದ್ದಾರೆ. ಐಸಾಕ್ ಅಂತ ಬಡಗಿಗಳ ಮೇಸ್ತ್ರಿ ಇದ್ದರು, ವಾಷಿಂಗ್ಟನ್ ಪಾಲಿನವರು. ಹೆಂಡತಿ ಕಿಟ್ಟಿ, ಹಾಲು ಬೆಣ್ಣೆ ಕೆಲಸ ಮಾಡುತ್ತಿದ್ದರು. ಮಾರ್ಥಾ ಪಾಲಿನವರು. ಒಂಬತ್ತು ಹೆಣ್ಣುಮಕ್ಕಳು.

ಭಾಗ್ಯ ಚಿಕ್ಕಮ್ಮ: ಕಿಟ್ಟಿ ಹೆಂಗಸಾ? ನಮ್ಮಲ್ಲಿ ಕಿಟ್ಟಿ ಅಂದರೆ ಕೃಷ್ಣಮೂರ್ತಿ. ಆ ಒಂಬತ್ತು ಜನ ಅಮ್ಮನ ಲೆಕ್ಕಕ್ಕೆ ತಾನೆ?

ಸಹನಾ: ಹೌದು. ಅಪ್ಪನಿಗೆ ಬಿಡುಗಡೆ. ಅಮ್ಮನಿಗೂ ಒಂಬತ್ತು ಮಕ್ಕಳಿಗೂ ಇಲ್ಲ.

ಭಾಗ್ಯ ಚಿಕ್ಕಮ್ಮ: ಅವನು ಬಿಟ್ಟು ಹೋಗುವುದಾದರೂ ಎಲ್ಲಿಗೆ.

ಸೀನ ಮಾವ: ಅದೇ ನೋಡಿ, ಅದನ್ನೇ ಅವರು ಯೋಚಿಸಿದ್ದು. ಅದಕ್ಕೇ ಮುಂದೆ ಹಾಕಿದ್ದು.

ನಾನು: ನೋವನ್ನು ಮುಂದೆ ಹಾಕಿದರು. ಮಾರ್ಥಾ ಸತ್ತ ಮೇಲೂ ಕಿಟ್ಟಿ ಬಿಡುಗಡೆ ಆಗುವುದಿಲ್ಲವಲ್ಲ? ಹೆಂಡತಿ ಬದುಕಿರುವವರೆಗೆ ಮನೆ ಕೆಲಸ ನಿಲ್ಲಬಾರದು ಅಂತ ನೇರವಾಗಿ ಬರೆಯಬಹುದಿತ್ತು.

ರಾಜು ಮಾವ: ಸ್ವಲ್ಪ ಯೋಚನೆ ಮಾಡಿ. ಈ ಷರತ್ತಿನಲ್ಲಿ ಒಂದು ಎಡವಟ್ಟಿದೆ. 123 ಜನರ ಬಿಡುಗಡೆಗೆ ಅಡ್ಡ ಇರುವುದು ಒಬ್ಬ ಮುದುಕಿಯ ಉಸಿರು. ಅವಳಿಗೆ ಅಡುಗೆ ಮಾಡಿ ಬಡಿಸುವವರಿಗೂ ಅದು ಗೊತ್ತು.

ಸಹನಾ: ಮಾರ್ಥಾಗೂ ಹೊಳೆದಿತ್ತು. ಅಬಿಗೇಲ್ ಆಡಮ್ಸ್, ಆಗಿನ ಅಧ್ಯಕ್ಷರ ಹೆಂಡತಿ, 1800ರ ಡಿಸೆಂಬರಿನಲ್ಲಿ ಮನೆಗೆ ಬಂದಿದ್ದರು. ಈ ಜನರ ಕೈಯಲ್ಲಿ ತನ್ನ ಜೀವಕ್ಕೆ ಭದ್ರತೆ ಇಲ್ಲ ಅಂತ ಮಾರ್ಥಾಗೆ ಅನಿಸಿದೆ ಎಂದು ಕಾಗದದಲ್ಲಿ ಬರೆದಿದ್ದಾರೆ. ಅದೇ ತಿಂಗಳು ಮಾರ್ಥಾ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. 1801ರ ಜನವರಿ 1ಕ್ಕೆ ಗಂಡನ ಕಡೆಯವರೆಲ್ಲ ಸ್ವತಂತ್ರ.

ಭಾಗ್ಯ ಚಿಕ್ಕಮ್ಮ: ಬಿಡುಗಡೆ ಪತ್ರ ಅಂದರೆ ಹೆಣ್ಣುಮಕ್ಕಳು ತವರಿನ ಪಾಲು ಬಿಟ್ಟುಕೊಟ್ಟು ಹಾಕುವ ಸಹಿ ಅಂತ ತಿಳಿದಿದ್ದೆ. ನಾನೂ ಒಂದಕ್ಕೆ ಹಾಕಿದ್ದೇನೆ.

ರಾಜು ಮಾವ: ಭಾಗ್ಯ, ಈಗ ಅದು ಬೇಡ.

ಭಾಗ್ಯ ಚಿಕ್ಕಮ್ಮ: ಸುಮ್ನೆ ಹೇಳಿದೆ.

(ಇಲ್ಲಿ ಯಾರೋ ಉಪ್ಪಿಟ್ಟಿನ ಫೋಟೊ ಹಾಕಿದ್ದು. ಪುಣ್ಯಾತ್ಮರು.)

ಸೀನ ಮಾವ: ಜೆಫರ್ಸನ್ ಏನು ಮಾಡಿದರು? ‘ಎಲ್ಲರೂ ಸಮಾನರು’ ಅಂತ ಸ್ವಾತಂತ್ರ್ಯ ಘೋಷಣೆ ಬರೆದ ಮನುಷ್ಯ. 1826ರಲ್ಲಿ ತೀರಿಕೊಂಡಾಗ ಒಂದು ಲಕ್ಷ ಡಾಲರಿಗೂ ಮೇಲೆ ಸಾಲ. ವಿಲ್‌ನಲ್ಲಿ ಬಿಟ್ಟದ್ದು ಬರೀ ಐದು ಜನರನ್ನು. ಮುಂದಿನ ಜನವರಿಯಲ್ಲಿ 130 ಜನರನ್ನು ಮಾಂಟಿಚೆಲ್ಲೊ ಮನೆ ಮುಂದೆಯೇ ಹರಾಜಿಗೆ ನಿಲ್ಲಿಸಿದರು. ಅದರ ಪಕ್ಕ ಇಟ್ಟು ನೋಡಿ ಇವರನ್ನು.

ಸಹನಾ: ಒಪ್ಪಿದೆ ಮಾವ. ಅಲ್ಲಿನ ಕಮ್ಮಾರ ಜೋಸೆಫ್ ಫಾಸೆಟ್ ಆ ಐದು ಜನರಲ್ಲಿ ಒಬ್ಬರು. ಅವರ ಹೆಂಡತಿ ಮಕ್ಕಳು ಹರಾಜಿನಲ್ಲಿ ಹೋದರು. ಜೆಫರ್ಸನ್ ಪಕ್ಕ ಇಟ್ಟರೆ ಯಾರು ಬೇಕಾದರೂ ದೊಡ್ಡವರಾಗಿ ಕಾಣುತ್ತಾರೆ.

ರಾಜು ಮಾವ: ಅಣ್ಣ, ನಿನ್ನ ಪರ ಇಷ್ಟು ಹೊತ್ತು ವಾದ ಮಾಡಿದೆ. ಈಗ ಎದುರು ಪಕ್ಷಕ್ಕೂ ಒಂದು ಪಾಯಿಂಟ್ ಕೊಡುತ್ತೇನೆ. 1782ರವರೆಗೆ ವರ್ಜೀನಿಯಾದಲ್ಲಿ ಗುಲಾಮರನ್ನು ಬಿಡುವುದು ಸುಲಭ ಇರಲಿಲ್ಲ, ಗವರ್ನರ್ ಮತ್ತು ಕೌನ್ಸಿಲ್ ಒಪ್ಪಬೇಕಿತ್ತು. 1782ರಲ್ಲಿ ಕಾಯ್ದೆ ಬದಲಾಯಿತು. ಪತ್ರ ಬರೆದೋ ವಿಲ್ ಬರೆದೋ ಯಾರು ಬೇಕಾದರೂ ಬಿಡಬಹುದು. ಅಂದರೆ ಹೆಂಡತಿ ಕಡೆಯವರ ವಿಷಯದಲ್ಲಿ ಕೈ ಕಟ್ಟಿತ್ತು, ನಿಜ. ತನ್ನವರ ವಿಷಯದಲ್ಲಿ 17 ವರ್ಷ ಕೈ ಬಿಚ್ಚಿಯೇ ಇತ್ತು.

ಸೀನ ಮಾವ: ಅಧಿಕಾರದಲ್ಲಿದ್ದರು. ದೇಶ ಒಡೆಯುತ್ತಿತ್ತು ಅಂತ ಹೆದರಿಕೆ. ಮನಸ್ಸಿನಲ್ಲಿ ನೋವು ಇತ್ತು.

ಸಹನಾ: ಅಧಿಕಾರದಲ್ಲಿದ್ದಾಗ ಏನು ಮಾಡಿದರು ಹೇಳುತ್ತೇನೆ. ಆಗ ರಾಜಧಾನಿ ಫಿಲಡೆಲ್ಫಿಯಾ. ಪೆನ್ಸಿಲ್ವೇನಿಯಾದ 1780ರ ಕಾಯ್ದೆ ಪ್ರಕಾರ ಹೊರಗಿನವರು ತಂದ ಗುಲಾಮರು ಅಲ್ಲಿ ಆರು ತಿಂಗಳು ಇದ್ದರೆ ಬಿಡುಗಡೆ ಕೇಳಬಹುದು. ಇವರು ಆರು ತಿಂಗಳಾಗುವ ಮೊದಲೇ ಯಾವುದೋ ನೆಪ ಹೇಳಿ ಅವರನ್ನು ವರ್ಜೀನಿಯಾಕ್ಕೆ ಕಳಿಸಿ ಮತ್ತೆ ಕರೆಸುತ್ತಿದ್ದರು. ಅವರಿಗೂ ಗೊತ್ತಾಗಬಾರದು, ಜನರಿಗೂ ಗೊತ್ತಾಗಬಾರದು ಅಂತ 1791ರಲ್ಲಿ ತಮ್ಮ ಕಾರ್ಯದರ್ಶಿಗೆ ಬರೆದ ಕಾಗದ ಇನ್ನೂ ಇದೆ.

ನಾನು: ನಮ್ಮ ಆಫೀಸಿನಲ್ಲಿ ಪರ್ಮನೆಂಟ್ ಮಾಡಬಾರದು ಅಂತ ಕಾಂಟ್ರಾಕ್ಟಿನವರಿಗೆ ನಡುವೆ ಎರಡು ದಿನ ಬ್ರೇಕ್ ಕೊಡುತ್ತಾರಲ್ಲ, ಆ ಜಾತಿ ಬುದ್ಧಿ.

ಸೀನ ಮಾವ: ಹೋಲಿಕೆ ಅತಿಯಾಯಿತು.

ಸಹನಾ: ಇವತ್ತೇ ಇದನ್ನು ಹಾಕಿದಿರಿ ಅಂತ ಹೇಳುತ್ತೇನೆ. 1797ರ ಫೆಬ್ರವರಿ 22, ವಾಷಿಂಗ್ಟನ್‌ಗೆ 65 ತುಂಬಿದ ದಿನ, ಅವರ ಅಡುಗೆ ಭಟ್ಟ ಹರ್ಕ್ಯುಲಿಸ್ ಮೌಂಟ್ ವರ್ನನ್‌ನಿಂದ ತಪ್ಪಿಸಿಕೊಂಡರು.

ಸೀನ ಮಾವ: ಅವನನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದರಲ್ಲ? ಒಳ್ಳೆ ಬಟ್ಟೆ ಹಾಕಿಕೊಂಡು ಫಿಲಡೆಲ್ಫಿಯಾದಲ್ಲಿ ಓಡಾಡುತ್ತಿದ್ದ ಅಂತ ಓದಿದ್ದೇನೆ. ಅಂಥವನು ಓಡಿಹೋದ.

ನಾನು: ಮಾವ, ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ವಾಷಿಂಗ್ಟನ್ ‘ಅವರು’. ಹರ್ಕ್ಯುಲಿಸ್ ‘ಅವನು’. ವಿಲಿಯಂ ಲೀ ‘ಅವನು’, ‘ಆಳು’. ನನಗೆ ಏಕವಚನ ಬೇಡ ಅಂತ ಬೈದಿರಿ. ಸಹನಾ ಮೇಲಿನಿಂದ ಎಲ್ಲರಿಗೂ ಬಹುವಚನವೇ ಹಾಕುತ್ತಿದ್ದಾಳೆ, ನೋಡಿ.

(ಒಂದು ಗಂಟೆ ಮಾವನ ಸುದ್ದಿ ಇಲ್ಲ. ನನಗೂ ಕಳಿಸಿದ ಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು. ನನಗೆ ಬಹುವಚನ, ಏಕವಚನ ಕಲಿಸಿದ್ದೇ ಅವರು. ಡಿಲೀಟ್ ಮಾಡೋಣ ಅಂದುಕೊಳ್ಳುವಷ್ಟರಲ್ಲಿ ನೀಲಿ ಗೆರೆ ಬಂದಿತ್ತು.)

ಭಾಗ್ಯ ಚಿಕ್ಕಮ್ಮ: ಆ ಅಡುಗೆಯವರಿಗೆ ಮಕ್ಕಳಿದ್ದರಾ?

ಸಹನಾ: ಇದ್ದರು, ಎಲ್ಲ ಮಾರ್ಥಾ ಪಾಲಿನವರು. ಅದೇ ವರ್ಷ ಏಪ್ರಿಲ್‌ನಲ್ಲಿ ಫ್ರಾನ್ಸಿನ ರಾಜಮನೆತನದ ಲೂಯಿ ಫಿಲಿಪ್ ಅಲ್ಲಿಗೆ ಬಂದಿದ್ದರು. ಮುಂದೆ ಅವರೇ ಫ್ರಾನ್ಸಿನ ರಾಜ ಆದದ್ದು. ಅವರ ಸೇವಕ ಹರ್ಕ್ಯುಲಿಸ್‌ರ ಪುಟ್ಟ ಮಗಳನ್ನು ಮಾತಾಡಿಸಿದನಂತೆ. ಅಪ್ಪ ಇನ್ನು ಸಿಗುವುದಿಲ್ಲ ಅಂತ ಬೇಜಾರಿಲ್ವಾ ಅಂದದ್ದಕ್ಕೆ, ಇಲ್ಲ, ತುಂಬಾ ಖುಷಿ, ಅಪ್ಪ ಈಗ ಸ್ವತಂತ್ರ ಅಂದಳಂತೆ ಆ ಹುಡುಗಿ. ಲೂಯಿ ಫಿಲಿಪ್ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ.

ಭಾಗ್ಯ ಚಿಕ್ಕಮ್ಮ: ಅಯ್ಯೋ ಕಂದಾ.

ಸಹನಾ: ಹರ್ಕ್ಯುಲಿಸ್ ವಾಷಿಂಗ್ಟನ್ ಪಾಲಿನವರಾದ್ದರಿಂದ 1801ರಲ್ಲಿ ಕಾನೂನು ಪ್ರಕಾರವೂ ಬಿಡುಗಡೆ ಆಯಿತು. ಓನಾ ಜಡ್ಜ್‌ಗೆ ಅದೂ ಇಲ್ಲ. ಮಾರ್ಥಾ ಅವರ ಖಾಸಾ ಕೆಲಸದ ಹುಡುಗಿ. ತನ್ನನ್ನು ಮೊಮ್ಮಗಳು ಎಲೈಜಾಗೆ ಕೊಟ್ಟುಬಿಡುತ್ತಾರೆ ಅಂತ ತಿಳಿದು, 1796ರ ಮೇ ತಿಂಗಳಲ್ಲಿ ಮನೆಯವರು ಊಟಕ್ಕೆ ಕೂತಿದ್ದಾಗ ಎದ್ದು ನಡೆದರು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದರು. ವಾಷಿಂಗ್ಟನ್ ಎರಡು ಸಲ ಜನ ಕಳಿಸಿದರು. ನೀವು ತೀರಿಕೊಂಡ ಮೇಲೆ ಬಿಡುಗಡೆ ಅಂತ ಮಾತು ಕೊಟ್ಟರೆ ವಾಪಸ್ ಬರುತ್ತೇನೆ ಅಂದರು ಓನಾ. ಆಗಲ್ಲ ಅಂದರು ಇವರು. 1848ರಲ್ಲಿ ತೀರಿಕೊಳ್ಳುವವರೆಗೂ ಓನಾ ಕಾನೂನಿನ ಪ್ರಕಾರ ಕಸ್ಟಿಸ್ ಮನೆಯ ಸೊತ್ತು. ಅಲ್ಲಿ ಹುಟ್ಟಿದ ಮಕ್ಕಳೂ.

ರಾಜು ಮಾವ: 1802ರ ಮೇನಲ್ಲಿ ಮಾರ್ಥಾ ತೀರಿಕೊಂಡರು. ಆಮೇಲೆ ಪಾಲು. ಮಗ ಮೊದಲೇ ಸತ್ತಿದ್ದರಿಂದ ನಾಲ್ಕು ಮೊಮ್ಮಕ್ಕಳಿಗೆ ನಾಲ್ಕು ಪಾಲು. ನಮ್ಮಲ್ಲಿ ಪಾಲುಪಟ್ಟಿ ಬರೆಯುವಾಗ ಪಾತ್ರೆ ಪರಡಿಗೂ ಶೆಡ್ಯೂಲ್ ಮಾಡುತ್ತೇವೆ. ಎ ಶೆಡ್ಯೂಲ್, ಬಿ ಶೆಡ್ಯೂಲ್. ನಾನೇ ನೂರಾರು ಬರೆದಿದ್ದೇನೆ. ಅಲ್ಲಿ ಅದೇ ಜಾಗದಲ್ಲಿ ಕಿಟ್ಟಿ, ಕಿಟ್ಟಿಯ ಮಕ್ಕಳು.

ಭಾಗ್ಯ ಚಿಕ್ಕಮ್ಮ: ಮಾರ್ಥಾ ಸ್ವಂತಕ್ಕೆ ಅಂತ ಯಾರೂ ಇರಲಿಲ್ವಾ? ಅವರಾದರೂ ಬಿಟ್ಟರಾ?

ಸಹನಾ: ಒಬ್ಬ ಇದ್ದರು. ಎಲಿಷ್ ಅಂತ. ಪೂರ್ತಿ ಹಕ್ಕು ಮಾರ್ಥಾಗೇ ಇತ್ತು. ಅವರನ್ನೂ ಮೊಮ್ಮಗನಿಗೆ ಬರೆದು ಕೊಟ್ಟರು.

ನಾನು: ಅಲ್ಲಿಗೆ ‘ಹಕ್ಕು ಇರಲಿಲ್ಲ’ ಅನ್ನುವ ವಾದ ಮುಗಿಯಿತು.

ಸಹನಾ: ಆ ಮೊಮ್ಮಗ ಕಟ್ಟಿಸಿದ ಮನೆಯೇ ಆರ್ಲಿಂಗ್ಟನ್ ಹೌಸ್. ಇವತ್ತು ಸೈನಿಕರ ಸ್ಮಶಾನ ಇರುವ ಗುಡ್ಡ. ಹೋದ ವರ್ಷ ಚಿಕ್ಕಮ್ಮ ಬಂದಾಗ ನೋಡಿದ್ದೆವಲ್ಲ, ಅದೇ. ಅವರು 1857ರಲ್ಲಿ ತೀರಿಕೊಂಡರು. ಐದು ವರ್ಷದೊಳಗೆ ಬಿಡಬೇಕು ಅಂತ ಅವರೂ ವಿಲ್ ಬರೆದಿದ್ದರು. ನಡೆಸಬೇಕಾದವರು ಅಳಿಯ ರಾಬರ್ಟ್ ಲೀ. ಅವರು ಬಿಟ್ಟದ್ದು 1862ರ ಡಿಸೆಂಬರ್ ಕೊನೆಗೆ.

ಭಾಗ್ಯ ಚಿಕ್ಕಮ್ಮ: ಅಲ್ಲಿ ನಿಂತು ಫೋಟೊ ತೆಗೆಸಿಕೊಂಡೆನಲ್ಲೇ. ಯಾರೂ ಹೇಳಲಿಲ್ಲ.

ರಾಜು ಮಾವ: ಮೌಂಟ್ ವರ್ನನ್ ಮನೆ ಹೋದದ್ದು ಅಣ್ಣನ ಮಗ... ಅಲ್ಲ, ತಮ್ಮನ ಮಗ ಬುಷ್‌ರಾಡ್‌ಗೆ. ಸುಪ್ರೀಂ ಕೋರ್ಟ್ ಜಡ್ಜು. ತನ್ನ ಗುಲಾಮರನ್ನು ಅಲ್ಲಿಗೆ ತಂದು, 1821ರಲ್ಲಿ ಅದರಲ್ಲಿ 54 ಜನರನ್ನು ಲೂಸಿಯಾನಾಕ್ಕೆ ಮಾರಿದರು. ಹೊರಗೆ ಮಾರಕೂಡದು ಅಂತ ದೊಡ್ಡಪ್ಪ ಬರೆದದ್ದು ದೊಡ್ಡಪ್ಪನ ಜನರಿಗೆ ಮಾತ್ರ ಅನ್ವಯ. ಕಾನೂನಿನಲ್ಲಿ ತಪ್ಪಿಲ್ಲ.

ಭಾಗ್ಯ ಚಿಕ್ಕಮ್ಮ: ನಿಮ್ಮ ಕಾನೂನು ನೀವೇ ಇಟ್ಟುಕೊಳ್ಳಿ ರಾಜಣ್ಣ. ಸೀನಣ್ಣ ಎಲ್ಲಿ? ತಿಂಡಿ ತಿಂದೆಯಾ?

ಸೀನ ಮಾವ: ತಿಂದೆ. ಹತ್ತು ಜನರಿಗೆ ಆಗಲೇ ಕಳಿಸಿಬಿಟ್ಟಿದ್ದೆ. ಅವರಿಗೆ ಮತ್ತೆ ಕಳಿಸಲು ತಿದ್ದಿ ಬರೆದಿದ್ದೇನೆ. ‘ಇಂದು ಜಾರ್ಜ್ ವಾಷಿಂಗ್ಟನ್ ಜನ್ಮದಿನ. ಇವರ ವಿಲ್‌ನಿಂದ 123 ಜನರಿಗೆ ಬಿಡುಗಡೆ ಸಿಕ್ಕಿತು. ಹೆಂಡತಿಯ ಪಾಲಿನ 153 ಜನರಿಗೆ ಸಿಗಲಿಲ್ಲ. ಬಡಗಿ ಐಸಾಕ್ ಅವರು ಬಿಡುಗಡೆಯಾದರು. ಅವರ ಪತ್ನಿ ಕಿಟ್ಟಿ ಅವರು ಆಗಲಿಲ್ಲ.’ ದೊಡ್ಡ ಮನಸ್ಸು ಅನ್ನುವುದನ್ನು ನಾನು ತೆಗೆಯುವುದಿಲ್ಲ, ಕೆಳಗೆ ಹಾಕುತ್ತೇನೆ. ಸಹನಾ, ಮಕ್ಕಳ ಹೆಸರು ಸಿಗುತ್ತಾ?

ಸಹನಾ: 1799ರ ಪಟ್ಟಿಯಲ್ಲಿ ಇರುತ್ತದೆ ಮಾವ. ಬೆಳಿಗ್ಗೆ ಎದ್ದು ಹುಡುಕಿ ಕಳಿಸುತ್ತೇನೆ.

ಸೀನ ಮಾವ: ಒಂಬತ್ತೂ ಕಳಿಸು. ಕನ್ನಡದಲ್ಲಿ ಹೇಗೆ ಬರೆಯುವುದು ಅಂತಲೂ ಹೇಳು.