ಸಂಧಿವಾತವಿರುವ ಕೈಗಳಿಗೆ ಮನೆಯಲ್ಲಿ ನೆರವಾಗುವ ಸರಳ ಸಾಧನಗಳು

ಪ್ರಶ್ನೆ: ಸಂಧಿವಾತದಿಂದ ಬೆರಳುಗಳು ಬಿಗಿದಿರುವ ನಮ್ಮ ತಾಯಿಯವರಿಗೆ ಸೌಟು ಹಿಡಿಯುವುದು, ನಲ್ಲಿ ತಿರುಗಿಸುವುದು, ಡಬ್ಬಿಯ ಮುಚ್ಚಳ ತೆಗೆಯುವುದು ಕಷ್ಟವಾಗಿದೆ. ಸಾರನ್ನು ತಾವೇ ಮಾಡಬೇಕೆಂಬ ಅವರ ಆಸೆಯನ್ನು ಉಳಿಸಲು ಏನು ಮಾಡಬಹುದು?

ಉತ್ತರ 1: ಸೌಟಿನ ಹಿಡಿಯ ತುದಿಗೆ ಸೈಕಲ್ಲಿನ ಹಳೆಯ ಟ್ಯೂಬನ್ನು ತೊಳೆದು ಸುತ್ತಿ, ಸುಮಾರು 3 ಸೆಂ.ಮೀ. ದಪ್ಪ ಮಾಡಿದರೆ ಬೆರಳುಗಳನ್ನು ಪೂರ್ತಿ ಮಡಚದೆಯೇ ಹಿಡಿತ ಸಿಗುತ್ತದೆ. ಆ ಭಾಗ ಉರಿಗೆ ತಾಗದಿರಲಿ. ನಲ್ಲಿಗೆ ಉದ್ದನೆಯ ಹಿಡಿಕೆ ಹಾಕಿಸಿ, ಅದನ್ನು ಮೊಣಕೈಯಿಂದಲೂ ತಳ್ಳಬಹುದು.

ಉತ್ತರ 2: ಮುಚ್ಚಳದ ಮೇಲೆ ರಬ್ಬರ್ ಹಾಳೆಯಿಟ್ಟು ಅಂಗೈಯಿಂದ ಒತ್ತಿ ತಿರುಗಿಸಲಿ. ಆದರೆ ನನಗೆ ಹೆಚ್ಚಿನ ಕಾಳಜಿಯಿರುವುದು ಬಚ್ಚಲುಮನೆಯ ಬಗ್ಗೆ: ಟವೆಲ್ ಕಂಬಿ ದೇಹದ ಭಾರವನ್ನು ತಾಳುವುದಿಲ್ಲವಾದ್ದರಿಂದ, ಗೋಡೆಯೊಳಗೆ ಭದ್ರವಾಗಿ ಕೂರಿಸಿದ ಹಿಡಿಕಂಬಿಯನ್ನೇ ಹಾಕಿಸಿ.

ಪ್ರಶ್ನಿಸಿದವರು: ಧನ್ಯವಾದಗಳು. ಸೌಟಿಗೆ ಇಂದೇ ಟ್ಯೂಬ್ ಸುತ್ತುತ್ತೇನೆ.