ಉದ್ದ ಸರಿ ಬರುತ್ತದೆ, ಸ್ಪೀಡ್ ಮಾತ್ರ 0.5 ಅಂತ ತೋರಿಸುತ್ತದೆ

ಪೀಣ್ಯ ಮೆಂಟೆನೆನ್ಸ್:
ನಮಸ್ಕಾರ. ಪ್ಲಾಸ್ಟಿಕ್ ಶೀಟ್ ಸುತ್ತುವ ರಿವೈಂಡಿಂಗ್ ಮೆಷಿನ್ ನನ್ನ ಪಾಲಿನದು. ಹಳೇ ಕೌಂಟರ್ ಸುಟ್ಟುಹೋಯಿತು. ಹೊಸದು ಉದ್ದ, ಸ್ಪೀಡ್ ಎರಡನ್ನೂ ತೋರಿಸುವಂಥದ್ದು. ಅಳತೆ ರೋಲರ್ 80 ಮಿ.ಮೀ. ವ್ಯಾಸ, ಮೇಲೆ ರಬ್ಬರ್. ಶಾಫ್ಟ್ ತುದಿಯಲ್ಲಿ ಎದುರುಬದುರು ಎರಡು ಬೋಲ್ಟ್, ಮುಂದೆ ಪ್ರಾಕ್ಸಿಮಿಟಿ ಸೆನ್ಸರ್, ಬೋಲ್ಟ್ ಹತ್ತಿರ ಬಂದಾಗಲೆಲ್ಲ ಒಂದು ಪಲ್ಸ್ (ಸಿಗ್ನಲ್) ಕೊಡುವಂಥದ್ದು. ಪಲ್ಸನ್ನು ಉದ್ದಕ್ಕೆ ಬದಲಿಸುವ ಕೌಂಟ್ ಸ್ಕೇಲ್, ಸ್ಪೀಡಿಗೆ ಬದಲಿಸುವ ರೇಟ್ ಸ್ಕೇಲ್ ಎರಡಕ್ಕೂ 0.126 ಹಾಕಿದ್ದೇನೆ. ಉದ್ದ ಹೆಚ್ಚುಕಮ್ಮಿ ಸರಿ. ಮೆಷಿನ್ ನಿಮಿಷಕ್ಕೆ 30 ಮೀಟರ್ ಓಡುವಾಗ ಸ್ಪೀಡ್ 0.5 ಅನ್ನುತ್ತದೆ. ಅದೂ ನಿಲ್ಲಲ್ಲ, 0.4ಕ್ಕೆ ಹಾರುತ್ತದೆ, 0.6ಕ್ಕೆ ಹಾರುತ್ತದೆ. ಮ್ಯಾನ್ಯುಯಲ್‌ನಲ್ಲಿ ಇದರ ಬಗ್ಗೆ ಒಂದೂವರೆ ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಸೂಪರ್‌ವೈಸರ್ ದಿನಾ ಬಂದು ‘ಹಳೇದೇ ಚೆನ್ನಾಗಿತ್ತಲ್ವಾ’ ಅನ್ನುತ್ತಾರೆ.

ಪ್ಯಾನೆಲ್ ಅಣ್ಣ:
ಮೀಟರ್ ಕೆಟ್ಟಿಲ್ಲ ಮಾರಾಯ. ಸೆಕೆಂಡಿಗೆ ಎಷ್ಟು ಮೀಟರ್ ಅಂತ ಹೇಳುತ್ತಿದೆ ಅಷ್ಟೇ. 30 ಭಾಗಿಸು 60, ಅಲ್ಲಿಗೆ 0.5.

ರೋಲರ್ ಸುತ್ತಳತೆ 80 × 3.1416 = 251.33 ಮಿ.ಮೀ. ರೋಲರ್ ಒಂದು ಸುತ್ತು ತಿರುಗಿದರೆ ಎರಡು ಪಲ್ಸ್. ಹಾಗಾಗಿ ಒಂದು ಪಲ್ಸಿಗೆ 0.12566 ಮೀಟರ್. ಇದು ಕೌಂಟ್ ಸ್ಕೇಲ್. ಇದನ್ನು 60ರಿಂದ ಗುಣಿಸಿದರೆ 7.54, ಅದು ರೇಟ್ ಸ್ಕೇಲ್. ಕೆಲವು ಮೀಟರ್‌ನಲ್ಲಿ ಸ್ಪೀಡ್ ಸೆಕೆಂಡಿಗೋ ನಿಮಿಷಕ್ಕೋ ಅಂತ ಆರಿಸಲು ಟೈಮ್ ಬೇಸ್ ಅಂತ ಬೇರೆ ಸೆಟ್ಟಿಂಗ್ ಇರುತ್ತದೆ. ಇದ್ದರೆ ಅದನ್ನು ನಿಮಿಷಕ್ಕೆ ಇಟ್ಟು 0.12566 ಹಾಗೇ ಬಿಡು. ಎರಡನ್ನೂ ಮಾಡಿದರೆ 1800 ತೋರಿಸುತ್ತದೆ, ಸೂಪರ್‌ವೈಸರ್ ಓಡಿಬರುತ್ತಾರೆ.

ಇನ್ನು 0.126 ಅಂತ ಸುಮ್ನೆ ಮೊಟಕು ಮಾಡಬೇಡ. ಡಿಸ್ಪ್ಲೇ 1000 ಅಂದಾಗ ರೋಲ್‌ನಲ್ಲಿ ಇರುವುದು 997.3 ಮೀಟರ್. ಗಿರಾಕಿ ಅಳೆದರೆ ಜಗಳ.

ಹಾರಾಟ ಬೇರೆ ಕಥೆ. ಮೀಟರ್ ಒಂದು ಸೆಕೆಂಡ್ ಪಲ್ಸ್ ಎಣಿಸಿ ಸ್ಪೀಡ್ ಹೇಳುತ್ತಿರಬೇಕು. ನಿನಗೆ ಸೆಕೆಂಡಿಗೆ ಸಿಗುವುದೇ ನಾಲ್ಕು ಪಲ್ಸ್. ಒಂದು ಆಚೀಚೆ ಆದರೆ ನಿಮಿಷಕ್ಕೆ ಏಳೂವರೆ ಮೀಟರ್ ವ್ಯತ್ಯಾಸ. ಸ್ಕೇಲ್ ತಿದ್ದಿ ಇದು ಹೋಗಲ್ಲ. ಸುತ್ತಿಗೆ 100 ಪಲ್ಸ್ ಕೊಡುವ ಎನ್‌ಕೋಡರ್ ಹಾಕಿದರೆ ಒಂದು ಪಲ್ಸ್ ಅಂದರೆ ನಿಮಿಷಕ್ಕೆ 0.15 ಮೀಟರ್ ಅಷ್ಟೇ. ಆದರೆ ಕೌಂಟ್ ಸ್ಕೇಲ್ 0.0025133 ಆಗುತ್ತದೆ. ಅಷ್ಟು ಅಂಕಿ ನಿನ್ನ ಮೀಟರ್ ತಗೊಳ್ಳುತ್ತದಾ ನೋಡಿಕೋ.

ಮೈಸೂರು ಇನ್‌ಸ್ಟ್ರುಮೆಂಟ್:
ಎನ್‌ಕೋಡರ್‌ಗೆ ದುಡ್ಡು ಹಾಕುವ ಮೊದಲು ಮೆನು ನೋಡಿ ಸರ್. ಎರಡು ಪಲ್ಸ್ ನಡುವಿನ ಸಮಯ ಅಳೆದು ಸ್ಪೀಡ್ ಹೇಳುವ ಆಯ್ಕೆ ಎಷ್ಟೋ ಮೀಟರ್‌ಗಳಲ್ಲಿ ಇರುತ್ತದೆ. ಆಗ ಎರಡು ಬೋಲ್ಟೇ ಸಾಕು. ಬೋಲ್ಟ್ ಸರಿಯಾಗಿ ಎದುರುಬದುರು ಇಲ್ಲದಿದ್ದರೆ ಸ್ಪೀಡ್ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಬರುತ್ತದೆ, ಅದಕ್ಕೆ ಸರಾಸರಿಯನ್ನು 2 ಪಲ್ಸಿಗೆ ಇಡಿ. ಜೀರೋ ಟೈಮ್ ಕೂಡ ನೋಡಿ, ಅಂದರೆ ಎಷ್ಟು ಹೊತ್ತು ಪಲ್ಸ್ ಬರದಿದ್ದರೆ ಸೊನ್ನೆ ತೋರಿಸಬೇಕು ಅನ್ನುವ ಸೆಟ್ಟಿಂಗ್. ನಿಮಿಷಕ್ಕೆ 3 ಮೀಟರ್ ನಿಧಾನ ಓಡಿಸುವಾಗ ಪಲ್ಸ್‌ಗಳ ನಡುವೆ ಎರಡೂವರೆ ಸೆಕೆಂಡ್ ಇರುತ್ತದೆ. ಜೀರೋ ಟೈಮ್ 2 ಸೆಕೆಂಡ್ ಇದ್ದರೆ ಓಡುವ ಮೆಷಿನ್‌ಗೂ ಸೊನ್ನೆ ತೋರಿಸುತ್ತದೆ. 4 ಇಡಿ.

ಪೀಣ್ಯ ಮೆಂಟೆನೆನ್ಸ್:
ಆ ಆಯ್ಕೆ ಇತ್ತು! ಈಗ 30ರ ಹತ್ತಿರ ನಿಂತಿದೆ. ಇಬ್ಬರಿಗೂ ಥ್ಯಾಂಕ್ಸ್. ಟೇಪ್ ಹಿಡಿದು 50 ಮೀಟರ್ ಶೀಟ್ ಓಡಿಸಿದೆ, ಡಿಸ್ಪ್ಲೇ 50.6 ಅಂದಿತು. ಇದ್ಯಾಕೆ?

ಪ್ಯಾನೆಲ್ ಅಣ್ಣ:
ರಬ್ಬರ್ ಸವೆದಿರಬೇಕು. ವ್ಯಾಸ ಕಡಿಮೆಯಾದರೆ ಅಷ್ಟೇ ಶೀಟಿಗೆ ಜಾಸ್ತಿ ಸುತ್ತು. ಹಳೇ ಸ್ಕೇಲನ್ನು ನಿಜವಾದ ಉದ್ದದಿಂದ ಗುಣಿಸಿ ತೋರಿಸಿದ ಉದ್ದದಿಂದ ಭಾಗಿಸು: 0.12566 × 50 ÷ 50.6 = 0.12417. ಅಂದರೆ ರೋಲರ್ ಈಗ 79 ಮಿ.ಮೀ. ಕ್ಯಾಲಿಪರ್ ಹಿಡಿದು ಒಮ್ಮೆ ನೋಡು. ಡಿಸ್ಪ್ಲೇ ಕಡಿಮೆ ತೋರಿಸಿದ್ದರೆ ರೋಲರ್ ಜಾರುತ್ತಿದೆಯಾ ಅಂತ ಮೊದಲು ನೋಡಬೇಕಿತ್ತು. ಜಾರುವ ರೋಲರ್‌ಗೆ ಯಾವ ಸ್ಕೇಲೂ ಉಳಿಯಲ್ಲ, ಒತ್ತುವ ಸ್ಪ್ರಿಂಗ್ ಬಿಗಿ ಮಾಡಬೇಕು. ಹಾಂ, ರೇಟ್ ಸ್ಕೇಲನ್ನೂ 7.45ಕ್ಕೆ ಇಳಿಸು. ಅದನ್ನು ಎಲ್ಲರೂ ಮರೆಯುತ್ತಾರೆ.